ಇನ್ನೂರು ಅಡಿ ಬಿಟ್ಟುಕೊಡದ ಮೇಡಂ

ಮೇಡಂ ತಲೆಯ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೂದಲು ಅದುಮಿದಂತೆ ಒಂದು ಅಡ್ಡಪಟ್ಟಿ ಇತ್ತು. ಎಣ್ಣೆ ಹಚ್ಚಿ ಬಾಚಿದರೂ ಅದು ಮರೆಯಾಗುತ್ತಿರಲಿಲ್ಲ. ಇಪ್ಪತ್ತಾರು ವರ್ಷ ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತದ್ದರ ಗುರುತು. ನಾನು ಅವರನ್ನು ಮೊದಲು ನೋಡುವ ಹೊತ್ತಿಗೆ ಆ ಕೆಲಸ ಬಿಟ್ಟು ಎರಡು ವರ್ಷ ಕಳೆದಿತ್ತು. ಪಟ್ಟಿ ಮಾತ್ರ ಹೋಗಿರಲಿಲ್ಲ.

ನಾವಿಬ್ಬರೂ ಇದ್ದದ್ದು ಜೆ.ಪಿ. ನಗರದ ಒಂದು ಸಣ್ಣ ಕಚೇರಿಯಲ್ಲಿ. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ವಿಮಾನ ಕಂಪನಿ. ಸಣ್ಣ ಊರುಗಳಿಗೆ ಸಣ್ಣ ವಿಮಾನ ಹಾರಿಸಬೇಕೆಂದು ಹುಟ್ಟಿಕೊಂಡ ಕಂಪನಿ ಅದು. ವಿಮಾನ ತಂದಮಾತ್ರಕ್ಕೆ ಜನರನ್ನು ಕೂರಿಸಿಕೊಂಡು ಹಾರುವಂತಿಲ್ಲ. ಮೊದಲು ಸರ್ಕಾರದ ಪ್ರಮಾಣಪತ್ರ ಬೇಕು. ಅದಕ್ಕೂ ಮೊದಲು, ನಾವು ಯಾವ ಹವಾಮಾನದಲ್ಲಿ ಹಾರುತ್ತೇವೆ, ಯಾವುದರಲ್ಲಿ ಹಾರುವುದಿಲ್ಲ, ಏನಾದರೂ ಕೆಟ್ಟರೆ ಯಾರು ಏನು ಮಾಡಬೇಕು ಎಂದೆಲ್ಲ ಬರೆದ ದಪ್ಪ ದಪ್ಪ ಕೈಪಿಡಿಗಳನ್ನು ಒಪ್ಪಿಸಬೇಕು. ಇನ್‌ಸ್ಪೆಕ್ಟರುಗಳು ಅದನ್ನು ಪುಟಪುಟವಾಗಿ ಓದಿ, ಪರೀಕ್ಷೆಯ ಹಾರಾಟಗಳಲ್ಲಿ ತಾವೇ ಕೂತು ನೋಡಿ, ಆಮೇಲೆ ಸಹಿ ಮಾಡುತ್ತಾರೆ. ಆ ಕೈಪಿಡಿ ಬರೆಯುವುದು ಮೇಡಂ ಕೆಲಸ. ಟೈಪು ಮಾಡಿ, ನಂಬರು ಹಾಕಿ, ಫೈಲು ಮಾಡುವುದು ನನ್ನ ಕೆಲಸ. ವಸಂತಪುರದಿಂದ ಬಿ.ಎಸ್ಸಿ. ಮುಗಿಸಿ ಬಂದಿದ್ದ ನನಗೆ ಅದು ಬರೀ ಟೈಪಿಂಗ್ ಕೆಲಸ ಅನ್ನಿಸಿತ್ತು.

ಮೊದಲ ವಾರದಲ್ಲೇ ಆ ಭ್ರಮೆ ಹೋಯಿತು. ಮೇಡಂ ಪ್ರತಿ ವಾಕ್ಯವನ್ನೂ ಜೋರಾಗಿ ಓದುತ್ತಿದ್ದರು. ಮೋಡದೊಳಗೆ ಕೂತ ಪೈಲಟ್ ಇದನ್ನು ಒಂದೇ ಸಲ ಓದಿ ಅರ್ಥ ಮಾಡಿಕೊಳ್ಳಬೇಕು, ಎರಡನೇ ಸಲ ಓದಲು ಅವನಿಗೆ ಹೊತ್ತಿರುವುದಿಲ್ಲ ಎನ್ನುವುದು ಅವರ ವಾದ. ಒಮ್ಮೆ ನಾನು ಎಲ್ಲಿಂದಲೋ ನೋಡಿ ‘ಸಾಮಾನ್ಯವಾಗಿ’ ಎಂಬ ಪದ ಸೇರಿಸಿದ್ದೆ. ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆದು ಕೇಳಿದರು:

“ಸಾಮಾನ್ಯವಾಗಿ ಅಂದ್ರೆ ಯಾವತ್ತಮ್ಮಾ? ಸೋಮವಾರಾನಾ?”

ಹನುಮಂತನಗರದ ಮನೆಯಿಂದ ಬಸ್ಸಿನಲ್ಲೇ ಬರುತ್ತಿದ್ದರು. ಕಂಪನಿ ಕಾರು ಕಳಿಸುತ್ತೇನೆಂದರೂ ಬೇಡವೆಂದಿದ್ದರು. ಮಧ್ಯಾಹ್ನ ಡಬ್ಬಿಯಲ್ಲಿ ಮುದ್ದೆ, ಉಪ್ಸಾರು. ಮೀಟಿಂಗ್ ಎಷ್ಟೇ ದೊಡ್ಡದಿರಲಿ, ಒಂದು ಗಂಟೆಗೆ ಎದ್ದು ಹೋಗಿ ಉಂಡು ಬರುತ್ತಿದ್ದರು. ಹಸಿದವರು ತಪ್ಪು ಲೆಕ್ಕ ಹಾಕುತ್ತಾರಂತೆ.

ಇನ್ನೊಂದು ಕಟ್ಟುನಿಟ್ಟಿತ್ತು. ಕೈಪಿಡಿಯ ಒಂದು ಹಾಳೆ ಬದಲಾದರೂ ಅದರ ಮೊದಲ ಪುಟದ ಪಟ್ಟಿಯಲ್ಲಿ ತಿದ್ದುಪಡಿಯ ನಂಬರು, ಕಾರಣ ಬರೆಯಲೇಬೇಕು. “ಹಾಳೆ ತೆಗೀಬಹುದು. ನಂಬರ್ ತೆಗೆಯೋ ಹಾಗಿಲ್ಲ,” ಅನ್ನುತ್ತಿದ್ದರು. ನನಗೆ ಆಗ ಅದೊಂದು ಗುಮಾಸ್ತರ ಶಿಸ್ತಿನಂತೆ ಕೇಳಿಸಿತ್ತು.

ಪ್ರಮಾಣಪತ್ರಕ್ಕೆ ಇನ್ನೇನು ಎರಡು ತಿಂಗಳಿದೆ ಅನ್ನುವಾಗ ಚಿಮಣಿಯ ವಿಷಯ ಬಂತು. ನಾವು ಹಾರಬೇಕಿದ್ದ ಊರೊಂದರ ಸಣ್ಣ ವಿಮಾನ ನಿಲ್ದಾಣ ನೋಡಿ ಬಂದ ನಮ್ಮ ಪೈಲಟ್ ಒಬ್ಬರು, ರನ್‌ವೇಗೆ ಇಳಿದು ಬರುವ ದಾರಿಯಲ್ಲಿ ದಿಣ್ಣೆಯ ಮೇಲೆ ಹೊಸ ಫ್ಯಾಕ್ಟರಿ ಎದ್ದಿದೆ, ಉದ್ದನೆಯ ಚಿಮಣಿ ಇದೆ ಎಂದು ಟೀ ಕುಡಿಯುತ್ತ ಹೇಳಿದರು. ಮೇಡಂ ಲೋಟ ಕೆಳಗಿಟ್ಟು ನಕ್ಷೆ ತೆಗೆದರು. ನಕ್ಷೆಯಲ್ಲಿ ಚಿಮಣಿ ಇರಲಿಲ್ಲ.

ಮೋಡವಿದ್ದಾಗ ಪೈಲಟ್ ಕಣ್ಣನ್ನು ನಂಬದೆ ಮುಂದಿನ ಉಪಕರಣಗಳನ್ನು ನಂಬಿ ಇಳಿಯುತ್ತಾನೆ. ಪ್ರತಿ ನಿಲ್ದಾಣಕ್ಕೂ ಒಂದು ಎತ್ತರ ಗೊತ್ತು ಮಾಡಿರುತ್ತಾರೆ. ಅಲ್ಲಿಯವರೆಗೆ ಇಳಿಯಬಹುದು. ಅಷ್ಟರೊಳಗೆ ರನ್‌ವೇ ಕಾಣಿಸದಿದ್ದರೆ ಒಂದಡಿಯೂ ಕೆಳಗೆ ಬಾರದೆ ಮತ್ತೆ ಮೇಲೆ ಹೋಗಿಬಿಡಬೇಕು. ಆ ಎತ್ತರ ಗೊತ್ತುಮಾಡುವುದು ಕೆಳಗಿನ ಗುಡ್ಡ, ಕಟ್ಟಡ, ಕಂಬಗಳನ್ನು ಅಳೆದು. ಅಳೆದವರು ಹೋದಮೇಲೆ ಎದ್ದ ಚಿಮಣಿಯನ್ನು ನಕ್ಷೆ ಹೇಗೆ ಬಲ್ಲುದು?

ಆ ವಾರವೇ ಮೇಡಂ ನನ್ನನ್ನು ಕರೆದುಕೊಂಡು ಕೆಂಪು ಬಸ್ಸು ಹತ್ತಿದರು. ಯಾರಲ್ಲೋ ಕೇಳಿ ತಂದ ಸರ್ವೆಯವರ ದುರ್ಬೀನು ಅವರ ತೊಡೆಯ ಮೇಲಿತ್ತು, ಮೂರು ಕಾಲಿನ ಸ್ಟ್ಯಾಂಡು ನನ್ನ ತೊಡೆಯ ಮೇಲೆ. ಅಲ್ಲಿ ಹುರುಳಿ ಹೊಲದ ಬದುವಿನ ಮೇಲೆ ಅದನ್ನು ನಿಲ್ಲಿಸಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಳೆಯತೊಡಗಿದರು. ಹೊಲದ ಅಜ್ಜಿಯೊಬ್ಬರು ಬಂದು ಸೈಟು ಮಾಡುತ್ತಿದ್ದೀರಾ ಎಂದು ವಿಚಾರಿಸಿದರು. ಚಿಮಣಿಯ ಎತ್ತರ ನೋಡುತ್ತಿದ್ದೇವೆ ಎಂದೆ.

“ಅಯ್ಯೋ, ಅದುಕ್ಯಾಕವ್ವ ಬಿಸ್ಲಲ್ಲಿ ಬೇಯ್ತೀರ? ಗೇಟಲ್ಲಿ ಕೇಳಿದ್ರೆ ಹೇಳ್ತಾರೆ,” ಅಂದರು ಅಜ್ಜಿ.

“ಕೇಳಿದ್ದನ್ನ ಬರೆಯೋ ಹಾಗಿಲ್ಲಮ್ಮಾ. ಅಳೆದಿದ್ದನ್ನೇ ಬರೀಬೇಕು,” ಎಂದರು ಮೇಡಂ, ಕಣ್ಣು ತೆಗೆಯದೆ.

ಮೂರು ಕಡೆಯಿಂದ ಅಳೆದೆವು. ವಾಪಸು ಬರುವಾಗ ಬಸ್ಸಿನಲ್ಲೇ ಲೆಕ್ಕ ಮುಗಿಯಿತು. ಸರ್ಕಾರ ಹೊಸದಾಗಿ ಸರ್ವೆ ಮಾಡುವವರೆಗೆ, ನಕ್ಷೆಯಲ್ಲಿರುವ ಎತ್ತರಕ್ಕಿಂತ ಇನ್ನೂರು ಅಡಿ ಮೇಲೆಯೇ ನಮ್ಮ ಪೈಲಟ್‌ಗಳು ಇಳಿಯುವುದನ್ನು ನಿಲ್ಲಿಸಬೇಕು. ಮರುದಿನ ವಿಮಾನಯಾನ ಇಲಾಖೆಗೆ ಪತ್ರ ಬರೆದು ಕಳಿಸಲು ಮುಖ್ಯಸ್ಥರ ಮುಂದಿಟ್ಟರು. ಕೈಪಿಡಿಗೆ ಹೊಸ ಹಾಳೆ ಸೇರಿಸಿದರು. ತಿದ್ದುಪಡಿ ನಂಬರು ಏಳು.

ಕಂಪನಿಯ ಮುಖ್ಯಸ್ಥರು ಕೆಟ್ಟವರೇನಲ್ಲ. ಆದರೆ ಆತುರಗಾರರು. ಇನ್ನೂರು ಅಡಿ ಏರಿಸಿದರೆ ಮಳೆಗಾಲದಲ್ಲಿ ಅರ್ಧ ವಿಮಾನಗಳು ಇಳಿಯದೆ ವಾಪಸು ಬರುತ್ತವೆ, ಆ ಊರೇ ಕೈತಪ್ಪುತ್ತದೆ ಎಂದು ಅವರಿಗೆ ಗೊತ್ತಿತ್ತು. ಪತ್ರ ಅವರ ಮೇಜಿನ ಮೇಲೆಯೇ ಉಳಿಯಿತು. ಎಲ್ಲರೆದುರು ಮೇಡಂ ಅವರನ್ನು ಕರೆಸಿ, ಸರ್ಕಾರದ ನಕ್ಷೆಯೇ ಒಪ್ಪಿರುವಾಗ ನಿಮ್ಮದೇನು ಹೆಚ್ಚುಗಾರಿಕೆ, ನಾವು ನಿಯಮ ಮುರಿಯುತ್ತಿಲ್ಲವಲ್ಲ ಎಂದು ಕೇಳಿದರು.

ಮೇಡಂ ನಿಂತೇ ಉತ್ತರ ಕೊಟ್ಟರು. “ನಿಯಮ ಅನ್ನೋದು ಇದಕ್ಕಿಂತ ಕೆಳಗೆ ಹೋಗಬೇಡಿ ಅನ್ನೋ ಗೆರೆ ಸಾರ್. ಅದಕ್ಕಿಂತ ಮೇಲಿರಬೇಡಿ ಅಂತ ಎಲ್ಲೂ ಬರೆದಿಲ್ಲ. ಚಿಮಣಿ ನಾನು ನೋಡಿದೀನಿ. ನೋಡಿಲ್ಲ ಅಂತ ಸಹಿ ಹಾಕಲ್ಲ.”

ಹದಿನೈದು ದಿನದಲ್ಲಿ ಅವರ ಜಾಗಕ್ಕೆ ಬೇರೆಯವರು ಬಂದರು. ಮೇಡಂ ಡಬ್ಬಿ, ಪೆನ್ಸಿಲು ಚೀಲಕ್ಕೆ ಹಾಕಿಕೊಂಡು ಎಂದಿನ ಬಸ್ಸಿಗೇ ಹೊರಟರು. ನನಗೆ ಏನೂ ಹೇಳಿಕೊಡಲಿಲ್ಲ, ಏನೂ ಕೇಳಿಕೊಳ್ಳಲಿಲ್ಲ. ನಾನೇ ಬಸ್‌ಸ್ಟಾಪಿನವರೆಗೆ ಹೋಗಿ ಅತ್ತೆ.

ಹೊಸಬರು ಮಾಡಿಸಿದ ಮೊದಲ ಕೆಲಸ ಏಳನೇ ತಿದ್ದುಪಡಿಯನ್ನು ತೆಗೆಸಿದ್ದು. ಹಾಳೆ ತೆಗೆದೆ. ನಂಬರನ್ನೂ ತೆಗೆದು, ಆಮೇಲೆ ಸೇರಿದ್ದ ಎಂಟನ್ನು ಏಳು ಮಾಡಿ ಪಟ್ಟಿಯನ್ನೇ ಹೊಸದಾಗಿ ಟೈಪು ಮಾಡು ಎಂದರು. ಹ್ಞೂಂ ಅಂದೆ. ಮಾಡಲಿಲ್ಲ. ಏಳರ ಮುಂದೆ ‘ಹಿಂತೆಗೆದುಕೊಳ್ಳಲಾಗಿದೆ’ ಎಂದಷ್ಟೇ ಬರೆದು ಫೈಲು ಮುಚ್ಚಿದೆ. ಇದು ಧೈರ್ಯವೆಂದು ನಾನು ಹೇಳಿಕೊಳ್ಳುವುದಿಲ್ಲ. ಯಾರೂ ಆ ಪುಟ ತೆರೆಯದಿರಲಿ ಎಂದೇ ಬೇಡಿಕೊಂಡಿದ್ದೆ.

ಇನ್‌ಸ್ಪೆಕ್ಟರು ತೆರೆದದ್ದೇ ಆ ಪುಟ. ಗಿಡ್ಡನೆಯ, ಮೃದು ದನಿಯ ಮನುಷ್ಯ. ಏಳರಲ್ಲಿ ಏನಿತ್ತು ಎಂದು ಕೇಳಿದರು. ಹೊಸಬರು ಟೈಪಿಂಗ್ ತಪ್ಪು ಎಂದುಬಿಟ್ಟರು. ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. ಮುಖ್ಯಸ್ಥರೂ ನನ್ನನ್ನೇ ನೋಡುತ್ತಿದ್ದರು. ಆ ಕೆಲಸ ಹೋದರೆ ಮನೆಯಲ್ಲಿ ಏನು ಹೇಳಲಿ ಎನ್ನುವುದು ತಲೆಗೆ ಬಂದದ್ದು ನಿಜ.

“ಟೈಪಿಂಗ್ ತಪ್ಪಲ್ಲ ಸಾರ್,” ಅಂದೆ. “ಒಂದು ಚಿಮಣಿ ಇದೆ. ನಾನೂ ಅಳೆಯೋಕೆ ಹೋಗಿದ್ದೆ.”

ತೆಗೆದ ಹಾಳೆ ನನ್ನ ಡ್ರಾಯರಿನಲ್ಲೇ ಇತ್ತು. ಅದನ್ನೂ ಕೊಟ್ಟೆ.

ನಾವು ಹಾರಬೇಕಿದ್ದ ಊರುಗಳ ಪಟ್ಟಿಯಿಂದ ಆ ಊರನ್ನು ತೆಗೆದರು. ಸರ್ಕಾರದಿಂದ ಹೊಸ ಸರ್ವೆ ಆಯಿತು. ಮೇಡಂ ಅಳತೆಗೂ ಸರ್ಕಾರದವರ ಅಳತೆಗೂ ಇದ್ದ ವ್ಯತ್ಯಾಸ ಎರಡಡಿ. ಹೊಸ ನಕ್ಷೆಯಲ್ಲಿ ಇಳಿಯುವ ಎತ್ತರ ಏರಿತು, ಕಂಪನಿಗೆ ಪ್ರಮಾಣಪತ್ರ ನಾಲ್ಕು ತಿಂಗಳು ತಡವಾಗಿ ಸಿಕ್ಕಿತು. ಅಷ್ಟರಲ್ಲಿ ನಾನು ಅಲ್ಲಿರಲಿಲ್ಲ. ನನ್ನನ್ನು ತೆಗೆಯಲಿಲ್ಲ, ಕೆಲಸ ಕೊಡುವುದನ್ನು ನಿಲ್ಲಿಸಿದರು. ನಾನೇ ಬಿಟ್ಟೆ.

ಹನುಮಂತನಗರಕ್ಕೆ ಹೋಗಿ ಎಲ್ಲ ಹೇಳಿದಾಗ ಮೇಡಂ ಹುರುಳಿಕಾಳು ಆರಿಸುತ್ತಿದ್ದರು. ಹೊಗಳುತ್ತಾರೆಂದು ಕಾದೆ.

“ನನಗೋಸ್ಕರ ಹೇಳಿದ್ಯಾ?”

ಸ್ವಲ್ಪ ಯೋಚಿಸಬೇಕಾಯಿತು. “ಇಲ್ಲ ಮೇಡಂ. ಚಿಮಣಿ ಇತ್ತಲ್ಲ, ಅದಕ್ಕೆ.”

“ಹಾಗಾದ್ರೆ ಸರಿ,” ಎಂದು ಮೊರವನ್ನು ನನ್ನ ಕಡೆಗೂ ಸರಿಸಿದರು.

ಆಮೇಲೆ ಎಷ್ಟೋ ಭಾನುವಾರಗಳು ಅಲ್ಲಿ ಕೂತು ನಿಯಮಗಳನ್ನು ಓದಿದೆ. ಈಗ ಇನ್ನೊಂದು ಕಂಪನಿಯಲ್ಲಿ ಅವರು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತೇನೆ. ನನ್ನನ್ನೂ ಬೆನ್ನ ಹಿಂದೆ ಮೊಂಡಿ ಅನ್ನುತ್ತಾರೆ. ಅನ್ನಲಿ.

ಹೋದ ವರ್ಷ ಮೇಡಂ ತೀರಿಕೊಂಡರು. ಹನ್ನೊಂದನೇ ದಿನದ ಊಟಕ್ಕೆ ಹಳೆಯ ಕಂಪನಿಯ ಮುಖ್ಯಸ್ಥರೂ ಬಂದಿದ್ದರು. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಯೇ ಅವರದು. ನಿಜವಾದ ದುಃಖದಿಂದಲೇ ಅಂದರು, “ಒಳ್ಳೆ ಹೆಂಗಸು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡಿದ್ರೆ ಇವತ್ತು ಎಲ್ಲೋ ಇರೋರು.”

“ಮಾಡ್ಕೊಂಡಿದ್ರೆ ನಿಮ್ಮ ಪ್ಯಾಸೆಂಜರ್‌ಗಳು ಎಲ್ಲಿರೋರು ಸಾರ್?” ಅಂದೆ.

ಮೇಡಂ ತಂಗಿ ಅನ್ನದ ಪಾತ್ರೆ ಹಿಡಿದು ಬಂದರು. ಮುಖ್ಯಸ್ಥರು ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ನಾನು ಇನ್ನೊಂದು ಸಲ ಬಡಿಸಿಕೊಂಡೆ.