ಇದ್ದಿಲು ಬಸ್ಸಿನ ಹಿಂದೆ ಕೇಳಿದ ಕಪಿಲೆ ಪದ

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಆ ಬೇಸಿಗೆಯಲ್ಲಿ ನನ್ನ ತಮ್ಮ ನಾರಾಯಣ ಹೋಳೂರಿನ ಮನೆ ಬಿಟ್ಟು ಹೋದ. ಓಡಿಸಿದ ಪಾಪಿ ನಾನೇ. ಶಾಲೆಯನ್ನು ಬೇಗ ಬಿಟ್ಟವನು, ಬರೆದದ್ದರಲ್ಲಿ ತಪ್ಪಿದ್ದರೆ ಓದುವ ಭಕ್ತರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಮುಳಬಾಗಿಲಿನ ಭಜನೆ ಮೇಷ್ಟ್ರೊಬ್ಬರು ನಮ್ಮ ಜಗಲಿಯ ಮೇಲೆ ಅವನಿಗೆ ಪಾಠ ಹೇಳುತ್ತಿದ್ದರು. ನಾನು ಅವರ ಎದುರಿಗೇ, "ಹಾಡು ಕಲ್ತು ಯಾವ ಹೊಲ ಉಳ್ತೀಯೋ?" ಎಂದು ತಮ್ಮನನ್ನು ಬೈದೆ. ಸಾಲದೆಂದು ಅವರ ತಂಬೂರಿಯನ್ನು ರಾಗಿ ತುಂಬುವ ಹಗೇವಿಗಿಳಿಸಿ ಚಪ್ಪಡಿ ಮುಚ್ಚಿದೆ. ಮೇಷ್ಟ್ರು ಜಗಲಿ ಇಳಿದು ನಡೆದರು. ತಮ್ಮನೂ ಅವರ ಹಿಂದೆ ಹೋದ.

ಮಾರನೆಯ ಬೆಳಿಗ್ಗೆ ಕಪಿಲೆ ಬಾವಿಗೆ ಎತ್ತು ಕಟ್ಟಿದೆ. ಅವು ಇಳಿಜಾರಿನಲ್ಲಿ ಇಳಿದು ನೀರಿನ ಚೀಲವನ್ನು ಮೇಲೆಳೆದವು. ಚೀಲ ಮತ್ತೆ ಬಾವಿಗಿಳಿಯಬೇಕಾದರೆ ಎತ್ತುಗಳು ಹಿಂದಡಿ ಇಡಬೇಕು. ಇಡಲಿಲ್ಲ. ದಿನಾ ಆಗ ನನ್ನ ತಮ್ಮ ಕಪಿಲೆ ಪದ ಹೇಳುತ್ತಿದ್ದ. ಪದ ಮುಗಿಯುವುದಕ್ಕೂ ಚೀಲ ನೀರು ಮುಟ್ಟುವುದಕ್ಕೂ ಸರಿಹೋಗುತ್ತಿತ್ತು. ನಾನೂ ಹಾಡಿದೆ. ಎತ್ತುಗಳು ಹಗ್ಗ ಹರಿದುಕೊಂಡು ಪಕ್ಕದವರ ಕೊತ್ತಂಬರಿ ಮಡಿಗೆ ನುಗ್ಗಿದವು.

ಅವ್ವ ಊಟ ಬಿಟ್ಟಳು. "ಎತ್ತಿಗಿರೋ ಬುದ್ಧಿ ನಿನಗಿಲ್ಲ ಕಣೋ. ಅವನು ಬಂದಮೇಲೇ ನಾನು ಮುದ್ದೆ ಮುಟ್ಟೋದು."

ಮಾಲೂರು, ಲಕ್ಕೂರು ಎಲ್ಲ ಸುತ್ತಿ ಬರಿಗೈಯಲ್ಲಿ ಬಂದೆ. ಅವ್ವ ಎದ್ದು ಕೂರಲಾರದಷ್ಟು ಸೊರಗಿದ್ದಳು. ಊರ ಹನುಮಂತರಾಯನ ಮುಂದೆ ಅಡ್ಡಬಿದ್ದು ಅತ್ತೆ: "ತಂದೆ, ತಮ್ಮನನ್ನು ಕಳಿಸು. ಇಲ್ಲವೇ ನನಗೆ ಕಂಠ ಕೊಡು."

ಗೌನಿಪಲ್ಲಿಯಲ್ಲಿ ಭಜನೆ ನಡೆಯುತ್ತಿದೆಯೆಂದು ಯಾರೋ ಹೇಳಿದರು. ಬಸ್ಸು ಹತ್ತಿದೆ. ಶ್ರೀನಿವಾಸಪುರ ದಾಟಿ ಏರಿನಲ್ಲಿ ಅದು ಕೆಮ್ಮಿ ನಿಂತಿತು. ಎಲ್ಲರೂ ಇಳಿದು ತಳ್ಳಿದೆವು. ಒಬ್ಬ ತಳ್ಳುವಾಗ ಇನ್ನೊಬ್ಬ ಉಸಿರು ಬಿಡುತ್ತಿದ್ದ.

"ಯಾರಿಗಾದ್ರೂ ಒಂದು ಪದ ಬರಲ್ವೇನ್ರಪ್ಪಾ? ಒಟ್ಟಿಗೆ ತಳ್ರೋ!" ಎಂದು ಡ್ರೈವರ್ ಕೂಗಿದ.

ಹನುಮಂತರಾಯ ಕಂಠ ಕೊಟ್ಟಿರಬಹುದೆಂದು ಬಾಯಿ ತೆರೆದೆ. ಜನ ನಕ್ಕು ಕೈ ಸಡಿಲಿಸಿದರು. ಎತ್ತು ಇಡದ ಹಿಂದಡಿಯನ್ನು ಬಸ್ಸು ಇಟ್ಟಿತು.

"ಲೇ, ಅವನ ಬಾಯಿ ಮುಚ್ಚಿಸ್ರೋ!" ಎಂದ ಡ್ರೈವರ್.

ಆಗಲೇ ಏರಿನ ಮೇಲಿಂದ ಕಪಿಲೆ ಪದ ಕೇಳಿಸಿತು. ಹೊಗೆಯಲ್ಲಿ ಮುಖ ಕಾಣದ ದಾರಿಹೋಕರು ಯಾರೋ ಹಾಡುತ್ತ ಇಳಿದು ಬಂದು ಬಸ್ಸಿಗೆ ಹೆಗಲು ಕೊಟ್ಟರು. ಪದ ಏರಿದಾಗ ಎಲ್ಲರ ಕೈಯೂ ಒಟ್ಟಿಗೆ ಬಿತ್ತು. ಬಸ್ಸು ಗುಡುಗಿ ಮೇಲೇರಿತು.

ಹೊಗೆ ತಿಳಿಯಾಯಿತು. ನೋಡಿದರೆ ನಾರಾಯಣ! ಪಕ್ಕದಲ್ಲಿ ಮೇಷ್ಟ್ರು! ಮಸಿ ಮೆತ್ತಿದ ನನ್ನ ಮುಖ ಅವನಿಗೆ ಗುರುತೇ ಸಿಗಲಿಲ್ಲ.

"ನಾನು ಕಣೋ, ನಿಮ್ಮಣ್ಣ. ಅವ್ವ ಉಂಡಿಲ್ಲ ಕಣೋ."

ಅವನು ಮೇಷ್ಟ್ರ ಮುಖ ನೋಡಿದ. ನಾನು ಅವರ ಕಾಲಿಗೆ ಬಿದ್ದೆ. ಅವರ ಬಿಳಿ ಪಂಚೆಗೂ ಮಸಿಯಾಯಿತು.

"ಏಮಯ್ಯಾ," ಎಂದರು ಮೇಷ್ಟ್ರು, "ಹಾಡು ಹೊಲ ಉಳದಿದ್ರೂ ಬಸ್ಸನ್ನ ಏರು ಹತ್ತಿಸ್ತಲ್ಲ! ಏಳು. ನನ್ನ ತಂಬೂರಿ ರಾಗಿ ತಿಂದು ದಪ್ಪ ಆಗಿದೆಯೋ ಏನೋ, ನೋಡೋಣ."

ಆ ಸಂಜೆ ತಮ್ಮನ ಕೈಯಿಂದಲೇ ಅವ್ವ ಮುದ್ದೆ ಉಂಡಳು. ಹಗೇವಿನಿಂದ ತಂಬೂರಿಯನ್ನು ನಾನೇ ಎತ್ತಿದೆ. ಪಾಠ ಮತ್ತೆ ನಮ್ಮ ಜಗಲಿಗೇ ಬಂತು, ನನ್ನನ್ನೂ ಕೂರಿಸಿಕೊಂಡರು. ಬಹಳ ದಿನ ತಿದ್ದಿ ತಿದ್ದಿ, ಕೊನೆಗೆ ಮೇಷ್ಟ್ರು ನನ್ನ ಕೈಗೆ ತಾಳ ಕೊಟ್ಟು, ಬಾಯಿ ತೆರೆಯಬಾರದೆಂದು ಆಣೆ ಹಾಕಿಸಿದರು.

ಬೇಡಿದ್ದರಲ್ಲಿ ಹನುಮಂತರಾಯ ತಮ್ಮನನ್ನು ಕೊಟ್ಟ. ಕಂಠ ಕೊಡುವುದು ಆ ದೇವರ ಕೈಲೂ ಆಗಲಿಲ್ಲ. ಆದರೂ ಈಗ ತಮ್ಮ ಊರಲ್ಲಿಲ್ಲದ ದಿನ ನಾನು ಬಾವಿಯ ಬಳಿ ಬಾಯಿ ಮುಚ್ಚಿ ತಾಳ ತಟ್ಟುತ್ತೇನೆ. ಎತ್ತುಗಳು ನನ್ನನ್ನೊಮ್ಮೆ ಅನುಮಾನದಿಂದ ನೋಡಿ, ಹಿಂದಡಿ ಇಡುತ್ತವೆ.