ಜಿಪ್ಪಕ್ಕನ ಒಂದನೇ ಪಾಠ

ಸಾಫ್ಟ್‌ವೇರ್ ಕಂಪನಿಯ ವಾರ್ಷಿಕ ವರದಿಯನ್ನು ನಂಬುವುದಾದರೆ, ಅದರ ಕಟ್ಟಡದ ಹಿಂದಿನ ಬೀದಿಯಲ್ಲಿ ಒಂದು ಊರಿಗಾಗುವಷ್ಟು ಜನ ಕಂಪ್ಯೂಟರ್ ಕಲಿತಿದ್ದಾರೆ. ವರದಿ ಸುಳ್ಳು ಹೇಳುವುದಿಲ್ಲ. ಆ ಜನರಲ್ಲಿ ಮುಕ್ಕಾಲು ಪಾಲು ಜಿಪ್ಪಕ್ಕ ಒಬ್ಬಳೇ, ಅಷ್ಟೆ.

ಜಿಪ್ಪಕ್ಕ ಅಂದರೆ ಜಿಪ್ಪು ಹಾಕುವ ಅಕ್ಕ. ಬ್ಯಾಗು, ಜಾಕೆಟ್ಟು, ಸೂಟ್‌ಕೇಸು, ಕೊನೆಗೆ ಒಂದು ಸಲ ಯಾರದೋ ಟೆಂಟು. ಹಲ್ಲು ಕಚ್ಚಿಕೊಂಡದ್ದು, ಹಲ್ಲು ಉದುರಿದ್ದು ಯಾವುದಾದರೂ ಅವಳ ಕೈಗೆ ಬಂದ ಮೇಲೆ ದಾರಿಗೆ ಬರಲೇಬೇಕು. ಅವಳದನ್ನು ಅಂಗಡಿ ಅನ್ನುವುದು ಕಷ್ಟ. ಎರಡು ಅಂಗಡಿಗಳ ನಡುವೆ ಉಳಿದ ಸಂದಿಗೆ ಯಾರೋ ಪುಣ್ಯಾತ್ಮರು ಶಟರ್ ಹಾಕಿಸಿದ್ದಾರೆ. ಒಳಗೆ ಎಡಕ್ಕೆ ಅವಳ ಹೊಲಿಗೆ ಯಂತ್ರ, ಬಲಕ್ಕೆ ಗಂಡನ ಗಾಜಿನ ಪೆಟ್ಟಿಗೆ. ಗಂಡ ಗಡಿಯಾರ ರಿಪೇರಿ ಮಾಡುತ್ತಾನೆ. ಅವನಿಗೆ ಮಾತು ಕಡಿಮೆ. ಅವನ ಪಾಲಿನದನ್ನೂ ಅವಳೇ ಆಡಿ ಮುಗಿಸುತ್ತಾಳೆ.

ಅವರ ಮದುವೆಯೂ ಜಿಪ್ಪಿನಿಂದಲೇ ಆದದ್ದು. ವಯಸ್ಸಿನಲ್ಲಿದ್ದಾಗ ಅವನು ಜಾಕೆಟ್ಟಿನ ಜಿಪ್ಪು ಸರಿಮಾಡಿಸಲು ಬಂದ. ವಾರ ಕಳೆದು ಅದೇ ಜಿಪ್ಪು ಮತ್ತೆ ಕೆಟ್ಟಿತು, ಅದರ ಮುಂದಿನ ವಾರ ಮತ್ತೆ. ಜಿಪ್ಪು ತಾನಾಗಿ ಹಾಗೆ ಕೆಡುವುದಿಲ್ಲ, ಇಕ್ಕಳ ಹಾಕಿ ಮೀಟಿದರೆ ಮಾತ್ರ ಕೆಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಇಕ್ಕಳ ಯಾರ ಹತ್ತಿರ ಇರುತ್ತದೆ ಎಂದೂ ಗೊತ್ತಿತ್ತು. "ಏನಾದ್ರೂ ಹೇಳೋದಿದ್ರೆ ಹೇಳ್ಬಿಡಿ, ಪಾಪ ಆ ಜಾಕೆಟ್ಟನ್ಯಾಕೆ ಸಾಯಿಸ್ತೀರಾ?" ಅಂದಳು. ಅವನು ಹೇಳಿದ. ಅವನು ಜೀವನದಲ್ಲಿ ಆಡಿದ ಉದ್ದನೆಯ ಮಾತು ಅದೇ ಇರಬೇಕು.

ಈಗ ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೆಂಡತಿಗೆ ಹೇಳಿರಲಿಲ್ಲ. ಗುಟ್ಟು ರಟ್ಟಾದದ್ದು ಒಂದು ಗೋಡೆ ಗಡಿಯಾರದಿಂದ. ಗಿರಾಕಿಯೊಬ್ಬ ಅದನ್ನು ವಾಪಸ್ ತಂದು ಮೇಜಿನ ಮೇಲೆ ಇಟ್ಟ. ಗಂಟೆಯ ಮುಳ್ಳು ನಿಮಿಷದ ಜಾಗದಲ್ಲಿ, ನಿಮಿಷದ್ದು ಗಂಟೆಯ ಜಾಗದಲ್ಲಿ ಕೂತಿದ್ದವು. "ಹನ್ನೆರಡು ಗಂಟೆ ಆದಾಗ ಸರಿಯಾಗೇ ತೋರ್ಸುತ್ತೆ," ಅಂದ ಗಿರಾಕಿ, ನ್ಯಾಯವಾಗಿಯೇ. ಗಂಡ ಗಡಿಯಾರವನ್ನು ಮೂಗಿನ ಹತ್ತಿರ ಹಿಡಿದು ನೋಡಿದ, ಆಮೇಲೆ ಬೆರಳಿನಿಂದ ಸವರಿ ನೋಡಿದ. ಜಿಪ್ಪಕ್ಕ ಅದನ್ನು ಕಂಡಳು. ಅವತ್ತು ಮಧ್ಯಾಹ್ನ ಅವಳೂ ಮಾತಾಡಲಿಲ್ಲ. ಏನೋ ಆಗಿದೆ ಎಂದು ಇಡೀ ಬೀದಿಗೆ ಗೊತ್ತಾಯಿತು.

ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ ಪುಕ್ಕಟೆ. ಆದರೆ ದಿನ ಗೊತ್ತುಮಾಡಿಕೊಳ್ಳುವುದು ಇಂಟರ್‌ನೆಟ್ಟಿನಲ್ಲೇ ಆಗಬೇಕು, ಅದೂ ಒಂದೊಂದು ಕಣ್ಣಿಗೆ ಬೇರೆ ಬೇರೆ. ಬೆಳಗ್ಗೆ ಹತ್ತಕ್ಕೆ ಪುಟ ತೆರೆಯುತ್ತದೆ, ಹಾಲು ಉಕ್ಕುವುದರೊಳಗೆ ದಿನಗಳೆಲ್ಲ ಮುಗಿಯುತ್ತವೆ. ಲ್ಯಾಪ್‌ಟಾಪ್ ಇರುವ ಮೈದುನ ಒಬ್ಬನಿದ್ದ. ಅವನು ಹತ್ತು ಗಂಟೆಯನ್ನು ಎಚ್ಚರದಲ್ಲಿ ಕಂಡವನೇ ಅಲ್ಲ. "ನಾಳೆ ಖಂಡಿತ, ಅತ್ತಿಗೆ," ಎಂದು ಅವನು ಹೇಳುವುದು, ಇವಳು ನಂಬುವುದು ಹೀಗೆಯೇ ಬಹಳ ದಿನ ನಡೆಯಿತು. ತಾನೇ ಕಲಿಯದೆ ಗತಿಯಿಲ್ಲ ಎಂದು ಜಿಪ್ಪಕ್ಕ ನಿರ್ಧರಿಸಿದ್ದು ಆಗ.

ಅಷ್ಟರಲ್ಲಿ ಕಂಪನಿಯವರು ಹಳೇ ಟೈರ್ ಗೋದಾಮಿಗೆ ಗಾಜಿನ ಬಾಗಿಲು ಹಾಕಿಸಿ ಡಿಜಿಟಲ್ ಕೌಶಲ ಕೇಂದ್ರ ತೆರೆದರು. ಸಾಮಾಜಿಕ ಹೊಣೆಗಾರಿಕೆ ಅಂತ. ಜಿಪ್ಪಕ್ಕ ಮೊದಲ ದಿನವೇ ಹೋಗಿ ಮೇಲ್ವಿಚಾರಕಿಯನ್ನು ನೇರವಾಗಿ ಕೇಳಿದಳು.

"ಆಸ್ಪತ್ರೆ ಡೇಟ್ ತಗೊಳ್ಳೋದು ಹೇಳ್ಕೊಡ್ತೀರಾ?"

"ಬರುತ್ತೆ ಅಕ್ಕ. ನಾಲ್ಕನೇ ಪಾಠದಲ್ಲಿ ಬರುತ್ತೆ."

ನಾಲ್ಕನೇ ಪಾಠ ತಾನೆ, ಒಂದು ತಿಂಗಳ ಮಾತು ಎಂದುಕೊಂಡಳು ಜಿಪ್ಪಕ್ಕ. ಕಂಪನಿಯ ಪದ್ಧತಿ ಅವಳಿಗೆ ತಿಳಿದಿರಲಿಲ್ಲ. ಅಲ್ಲಿನ ಪ್ರತಿ ನೌಕರನೂ ವರ್ಷಕ್ಕೆ ಒಂದು ಗಂಟೆ ಸಮಾಜಸೇವೆ ಮಾಡಬೇಕು. ಹಾಗಾಗಿ ಪಾಠ ಹೇಳಲು ಪ್ರತಿ ಸಲವೂ ಹೊಸಬರು ಬರುತ್ತಿದ್ದರು. ಹೊಸಬರಾದ್ದರಿಂದ ಮೊದಲಿನಿಂದ ಶುರುಮಾಡುತ್ತಿದ್ದರು. ಮೊದಲಿನಿಂದ ಶುರುಮಾಡಿದ್ದರಿಂದ ಒಂದನೇ ಪಾಠವೇ ಆಗುತ್ತಿತ್ತು. ಇದು ಮಾನಿಟರ್, ಇದು ಕೀಬೋರ್ಡ್, ಇದು ಮೌಸ್. ಮೌಸ್ ಅಂದ್ರೆ ಇಲಿ, ಹೆದರ್ಬೇಡಿ, ಕಚ್ಚಲ್ಲ. ಇಲ್ಲಿ ಎಲ್ಲರೂ ನಗಬೇಕು. ಆಮೇಲೆ ಒಂದು ವೃತ್ತ ಬರೆದು ಅದಕ್ಕೆ ಬಣ್ಣ ತುಂಬಿದರೆ ಗಂಟೆ ಮುಗಿಯುತ್ತಿತ್ತು. ಇಷ್ಟು ಜನ ಒಂದನೇ ಪಾಠ ಕಲಿತರು ಎಂದು ಲೆಕ್ಕಕ್ಕೆ ಹೋಗುತ್ತಿತ್ತು. ಮುಂದಿನ ವಾರ ಅವರೇ ಮತ್ತೆ ಕಲಿತರೂ ಲೆಕ್ಕದಲ್ಲಿ ಹೊಸಬರು.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಬೀದಿಯವರು ಮೊದಮೊದಲು ಸಾಲುಗಟ್ಟಿ ಬಂದರು. ತರಕಾರಿಯವಳು ಮೂರನೇ ವೃತ್ತಕ್ಕೆ ಬಿಟ್ಟಳು. ನಿವೃತ್ತ ಡ್ರೈವರ್ ಮಾತ್ರ ಏಸಿ ತಂಪಿಗೆ ಇನ್ನಷ್ಟು ದಿನ ಬಂದು ನಿದ್ದೆ ಮಾಡಿದ, ಚಳಿಗಾಲ ಬಂದಾಗ ಅವನೂ ಬಿಟ್ಟ. ಹಿಡಿದ ಪಟ್ಟು ಬಿಡದೆ ಉಳಿದವಳು ಜಿಪ್ಪಕ್ಕ. ಇಲಿ ಕಚ್ಚುವುದಿಲ್ಲ ಎಂದಾಗಲೆಲ್ಲ ಮರ್ಯಾದೆಯಿಂದ ನಗುತ್ತಿದ್ದಳು. ಬೆವರುವ ಹುಡುಗರಿಗೆ ಧೈರ್ಯವನ್ನೂ ಹೇಳುತ್ತಿದ್ದಳು. "ಗಾಬರಿ ಯಾಕಪ್ಪ? ಚೆನ್ನಾಗೇ ಹೇಳ್ಕೊಡ್ತಿದ್ದೀಯ. ಈಗ ವೃತ್ತ ಬರೆಸ್ಬೇಕು ನೀನು."

ನಾಲ್ಕನೆಯದನ್ನು ಹೇಳಿಕೊಡಿ ಎಂದು ಅವಳು ಕೇಳದವರಿಲ್ಲ. ಒಬ್ಬ, ಎರಡು ಮೂರು ಆಗದೆ ನಾಲ್ಕು ಹೇಗಾಗುತ್ತೆ ಅಂದ. ಇನ್ನೊಬ್ಬ, ಕಲಿಯುವವರ ಸ್ವಂತ ಮಾಹಿತಿಯನ್ನು ನಾವು ಮುಟ್ಟುವಂತಿಲ್ಲ, ಕಂಪನಿ ನಿಯಮ ಅಂದ. ಒಬ್ಬಳು ಹುಡುಗಿ ಮಾತ್ರ ಅವಳ ಕೈ ಹಿಡಿದುಕೊಂಡು, "ಆಂಟಿ, ನಾನೇ ಮತ್ತೆ ಬಂದು ಹೇಳ್ಕೊಡ್ತೀನಿ," ಅಂದಳು. ಮನಸ್ಸಿನಿಂದಲೇ ಅಂದಳು. ಆದರೆ ಅವಳ ಒಂದು ಗಂಟೆ ಮುಗಿದಿತ್ತು, ಮುಂದಿನ ಗಂಟೆ ಮುಂದಿನ ವರ್ಷಕ್ಕೆ. ತಾನೇ ಬಂದು ಕೂತು ಪ್ರಯತ್ನಿಸೋಣವೆಂದರೆ ಕೇಂದ್ರ ಮಧ್ಯಾಹ್ನದ ಪಾಠದ ಹೊತ್ತಿಗೆ ಬಿಟ್ಟರೆ ಬಾಗಿಲೇ ತೆರೆಯುತ್ತಿರಲಿಲ್ಲ.

ಇತ್ತ ಗಂಡ ಕೈಗಡಿಯಾರ ತೆಗೆದುಕೊಳ್ಳುವುದನ್ನು ನಿಲ್ಲಿಸಿದ. ಗೋಡೆ ಗಡಿಯಾರ ತಂದವರಿಗೂ ಸುಮ್ಮನೆ ತಲೆಯಾಡಿಸತೊಡಗಿದ. ಒಂದು ದಿನ ಚಹಾದ ಲೋಟವನ್ನು ಮೇಜಿನ ಮೇಲೆ ಇಟ್ಟೆನೆಂದುಕೊಂಡು ಗಾಳಿಯಲ್ಲಿ ಇಟ್ಟ. ಲೋಟ ಒಡೆದದ್ದಕ್ಕೆ ಜಿಪ್ಪಕ್ಕ ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಚೂರುಗಳನ್ನು ಆರಿಸಿದಳು. ಅವಳಿಗೆ ಭಯವಾಗಿತ್ತು. ಬೆಳಿಗ್ಗೆ ಎದ್ದರೆ ಭಯ, ಯಂತ್ರ ತುಳಿಯುವಾಗ ಭಯ, ಆ ವೃತ್ತಕ್ಕೆ ಬಣ್ಣ ತುಂಬುವಾಗಲಂತೂ ಇನ್ನೂ ಭಯ.

ವರ್ಷದ ಕೊನೆಗೆ ಕಂಪನಿಯಲ್ಲಿ ದೊಡ್ಡ ಸಮಾರಂಭ. ಕೇಂದ್ರದ ಸಾಧನೆಯೆಂದು ಜಿಪ್ಪಕ್ಕನನ್ನು ವೇದಿಕೆ ಹತ್ತಿಸುವುದೆಂದು ತೀರ್ಮಾನವಾಯಿತು. ಬೇರೆ ಸಾಧನೆ ಯಾವುದೂ ಉಳಿದಿರಲಿಲ್ಲ. ಮೇಲ್ವಿಚಾರಕಿ ತಾಲೀಮು ಮಾಡಿಸಿದಳು: "ವೃತ್ತ ಬರೀರಿ, ಬಣ್ಣ ತುಂಬಿ, ಥ್ಯಾಂಕ್ಸ್ ಹೇಳಿ ಇಳೀರಿ. ಅಷ್ಟೇ ಅಕ್ಕ."

ಸಭಾಂಗಣ ತುಂಬ ಇಂಜಿನಿಯರುಗಳು. ಮುಂದಿನ ಸಾಲಿನಲ್ಲಿ ಜಾಕೆಟ್ಟು ಹಾಕಿಕೊಂಡು ಗಂಡ ಕೂತಿದ್ದ. ವೇದಿಕೆ ಎಲ್ಲಿದೆಯೆಂದು ಅವನಿಗೆ ಅಂದಾಜಿತ್ತು, ಮುಖವನ್ನು ಆ ಕಡೆ ಮಾಡಿಕೊಂಡಿದ್ದ. ಕಂಪನಿಯ ದೊಡ್ಡ ಸಾಹೇಬರು ಜಿಪ್ಪಕ್ಕನ ಪಕ್ಕ ಮೈಕ್ ಹಿಡಿದು ನಿಂತರು. ಒಳ್ಳೆಯ ಮನುಷ್ಯ, ಆದರೆ ಭಾಷಣದ ಉಮೇದಿನಲ್ಲಿದ್ದರು. "ನಾವು ಹೇಳಿದ್ದಲ್ಲ, ನಿಮಗೇನು ಇಷ್ಟಾನೋ ಅದನ್ನ ಮಾಡಿ ತೋರ್ಸಿ," ಅಂದುಬಿಟ್ಟರು.

ಜಿಪ್ಪಕ್ಕ ಗೋಡೆಯ ಗಡಿಯಾರ ನೋಡಿದಳು. ಹತ್ತಾಗುತ್ತಿತ್ತು.

"ಹಾಗಾದ್ರೆ ಕಣ್ಣಾಸ್ಪತ್ರೆ ಪುಟ ತೆಗೀರಿ. ನಮ್ಮೆಜಮಾನ್ರಿಗೆ ಡೇಟ್ ಬೇಕು."

ಮೇಲ್ವಿಚಾರಕಿ ಕಣ್ಣು ಮುಚ್ಚಿಕೊಂಡಳು. ಯಾರೋ ನಿಯಮದ ಮಾತೆತ್ತಿದರು. ಸಾಹೇಬರು ಸಭೆಯನ್ನು ನೋಡಿದರು, ಫೋಟೋ ತೆಗೆಯುವವರನ್ನು ನೋಡಿದರು. "ತೆಗೀರಿ," ಅಂದರು.

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಇಲ್ಲಿ ಒಂದು ಸಭಾಂಗಣದಷ್ಟು ಜನ ಸೇರಿದ್ದರು. ಮೇಲೆ ಒತ್ತಿ ಅಂದರು, ಕೆಳಗೆ ಅಂದರು, ಹಿಂದಕ್ಕೆ ಹೋಗಿ ಅಂದರು, ಹೋದದ್ದೇ ತಪ್ಪು ಅಂದರು. ನೀವು ಮನುಷ್ಯರೇ ಎಂದು ಪುಟ ಕೇಳಿ ಸೊಟ್ಟ ಅಕ್ಷರಗಳನ್ನು ತೋರಿಸಿತು. ಅದರಲ್ಲೊಂದು ಸೊನ್ನೆಯೋ ಅಕ್ಷರವೋ ಎಂದು ಸಭೆ ಎರಡು ಪಕ್ಷವಾಯಿತು. ಜಗಳ ತೀರುವುದರೊಳಗೆ ಅಕ್ಷರಗಳೇ ಬದಲಾದವು. ಗಡಿಬಿಡಿಯಲ್ಲಿ ಯಾರೋ ವೇದಿಕೆ ಹತ್ತಿ ಜಿಪ್ಪಕ್ಕನ ಕೈಯಿಂದ ಮೌಸ್ ತೆಗೆದುಕೊಂಡರು. ಇನ್ಯಾರೋ ಟೈಪ್ ಮಾಡಿದರು. ಗಂಡನ ಹಳೇ ಗುಂಡಿ ಫೋನಿಗೆ ಬಂದ ಒಟಿಪಿ ಸಂಖ್ಯೆಯನ್ನು ಸಾಹೇಬರೇ ಇಳಿದುಹೋಗಿ ಓದಿದರು. ಕೊನೆಯ ಗುಂಡಿ ಒತ್ತಿದರೂ ಪುಟ ಮಿಸುಕಲಿಲ್ಲ. ಮೂರನೇ ಸಾಲಿನಲ್ಲಿ ಒಬ್ಬ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಅದನ್ನ ಎರಡು ಸಲ ಒತ್ಬೇಕು. ಆ ಪುಟ ಮಾಡಿದ್ದು ನಮ್ಮ ಟೀಮೇ."

ಅವನ ಅಕ್ಕಪಕ್ಕದವರು ಚಪ್ಪಲಿ ನೋಡಿಕೊಂಡರು. ಎರಡು ಸಲ ಒತ್ತಿದ್ದಾಯಿತು. ಎಡಗಣ್ಣಿಗೆ ದಿನ ಸಿಕ್ಕಿತು.

ಚಪ್ಪಾಳೆಯೋ ಚಪ್ಪಾಳೆ. ಸಾಹೇಬರು ಬೆವರು ಒರೆಸಿಕೊಂಡು ಕೈಕುಲುಕಲು ಬಂದರು. ಜಿಪ್ಪಕ್ಕನಿಗೆ ಸಂತೋಷವಾಗಿತ್ತು, ಇಲ್ಲವೆಂದಲ್ಲ. ಎದೆಯ ಮೇಲಿನ ಕಲ್ಲು ಅರ್ಧ ಇಳಿದಿತ್ತು. ಆದರೆ ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂದಿತ್ತು. ಇಷ್ಟೆಲ್ಲ ಆಗುವಾಗ ಅವಳು ಒಂದು ಪಕ್ಕಕ್ಕೆ ನಿಂತು ನೋಡುತ್ತಿದ್ದಳು, ಅಷ್ಟೆ.

"ಇನ್ನೂ ಬಲಗಣ್ಣಿದೆ," ಅಂದಳು.

"ಓ, ಅದಕ್ಕೇನಂತೆ!" ಎಂದು ಒಬ್ಬ ಹುಡುಗ ಮೌಸಿಗೆ ಕೈ ಹಾಕಿದ.

"ಕೈ ತೆಗಿಯಪ್ಪ. ಇದನ್ನ ನಾನು ಮಾಡ್ತೀನಿ. ನೀವೆಲ್ಲ ಸುಮ್ನೆ ಕೂತ್ಕೊಳ್ಳಿ."

ಸಾಹೇಬರು ಮೆಲ್ಲಗೆ ಅಂದರು, "ಅಮ್ಮಾ, ತಡ ಆದ್ರೆ ದಿನ ಮುಗಿದುಹೋಗುತ್ತೆ. ಅವ್ರು ಮಾಡ್ಲಿ ಬಿಡಿ."

"ಮುಗಿದ್ರೆ ನಾಳೆ ಹತ್ತಕ್ಕೆ ಮಾಡ್ತೀನಿ ಸ್ವಾಮಿ. ನಾಳೆ ನೀವ್ಯಾರೂ ಇರಲ್ವಲ್ಲ."

ಸಾಹೇಬರು ಮೈಕ್ ಕೆಳಗಿಟ್ಟರು. ವೇದಿಕೆಯ ಮೆಟ್ಟಿಲ ಮೇಲೆ ಕೂತರು. ಅವರು ಕೂತದ್ದರಿಂದ ಎಲ್ಲರೂ ಕೂತರು.

ಜಿಪ್ಪಕ್ಕ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಗಂಡನ ಹೆಸರು ಬರೆಯುವಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ ತಡೆಯಲಾಗದೆ "ಮೇಲೆ—" ಅಂದ. ಪಕ್ಕದವಳು ಅವನ ತೊಡೆ ಚಿವುಟಿದಳು. ಸೊಟ್ಟ ಅಕ್ಷರಗಳನ್ನು ಜಿಪ್ಪಕ್ಕ ಎರಡು ಸಲ ತಪ್ಪಿದಳು, ಮೂರನೇ ಸಲ ಮನುಷ್ಯಳೆಂದು ಒಪ್ಪಿಗೆಯಾಯಿತು. ಕೊನೆಯ ಗುಂಡಿಯನ್ನು ಎರಡು ಸಲ ಒತ್ತಿದಳು. ಇಂದಿನ ದಿನಗಳೆಲ್ಲ ಮುಗಿದಿವೆ ಎಂದು ಪುಟ ಹೇಳಿತು.

ಸಭೆಯೆಲ್ಲ ಅಯ್ಯೋ ಅಂದಿತು. ಜಿಪ್ಪಕ್ಕ ಮಾತ್ರ ತೆರೆಯನ್ನೇ ನೋಡುತ್ತಾ, "ಇಲ್ಲೀವರೆಗೆ ದಾರಿ ಗೊತ್ತಾಯ್ತು," ಅಂದಳು. ಇಳಿದುಬಂದು ಗಂಡನ ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದಳು.

ಸಾಹೇಬರು ಹೋಗುವಾಗ ಮೇಲ್ವಿಚಾರಕಿಗೆ ಏನು ಹೇಳಿದರೋ, ಮಾರನೇ ಬೆಳಿಗ್ಗೆ ಕೇಂದ್ರದ ಬಾಗಿಲು ತೆರೆದಿತ್ತು. ಜಿಪ್ಪಕ್ಕ ಗಂಡನ ಫೋನನ್ನು ತೆಗೆದುಕೊಂಡು ಹೋಗಿ ಕೂತಳು. ಅವತ್ತೂ ಸಿಗಲಿಲ್ಲ. ಅದರ ಮರುದಿನ ಹೆಸರು ಬೇಗ ಬರೆದಳು, ಅಕ್ಷರಗಳನ್ನು ಒಂದೇ ಸಲಕ್ಕೆ ಓದಿದಳು.

ಅಂಗಡಿಗೆ ಬಂದಾಗ ಗಂಡ ಖಾಲಿ ಗಾಜಿನ ಪೆಟ್ಟಿಗೆಯ ಮುಂದೆ ಕೂತಿದ್ದ. ಅವಳು ಫೋನಿಗೆ ಬಂದದ್ದನ್ನು ಗಟ್ಟಿಯಾಗಿ ಓದಿ ಹೇಳಿದಳು: ಅವನ ಹೆಸರು, ಬಲಗಣ್ಣು, ದಿನ, ವಾರ್ಡು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಕೇಳಿದ, "ಯಾರು ಮಾಡ್ಕೊಟ್ರು?"

"ಯಾರೂ ಇಲ್ಲ. ನಾನೇ," ಅಂದಳು ಜಿಪ್ಪಕ್ಕ. ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದಳು, ಅಳು ಬಂತು. ಗಂಡ ಎದ್ದು ತಡವಿಕೊಂಡು ಹೋಗಿ ಶಟರನ್ನು ಅರ್ಧಕ್ಕೆ ಎಳೆದು, ಹೊರಗೆ ನಿಂತಿದ್ದ ಗಿರಾಕಿಗೆ ಸ್ವಲ್ಪ ಹೊತ್ತು ಬಿಟ್ಟು ಬರಲು ಹೇಳಿದ.