ಎಡಬೂಟಿನ ಕೋನ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹೊಸನಗರದ ಒಂದು ಕಚೇರಿಯಲ್ಲಿ ನಾನು ನಕ್ಷೆ ಬರೆಯುತ್ತಿದ್ದೆ. ರಸ್ತೆಗಳಿಗೆ ಮೋರಿ ಕಟ್ಟಿಸುವುದೇ ನಮ್ಮ ದೊಡ್ಡ ಕೆಲಸ. ಮೇಲಿನಿಂದ ಒಂದು ಮಾದರಿ ನಕ್ಷೆ ಬರುತ್ತಿತ್ತು. ಹಳ್ಳ ಅಗಲವಾಗಿದ್ದರೆ ಮೋರಿಯನ್ನೂ ಅಗಲ ಮಾಡಿ ನಾನು ಮತ್ತೆ ಬರೆಯಬೇಕು. ಆದರೆ ನೀರನ್ನು ಮೋರಿಯ ಬಾಯಿಗೆ ತಂದು ಬಿಡುವ ಎರಡು ರೆಕ್ಕೆಗೋಡೆಗಳಿವೆಯಲ್ಲ, ಅವುಗಳ ಕೋನವನ್ನು ಮಾತ್ರ ಮುಟ್ಟುವಂತಿಲ್ಲ. ಮೂರುಮೂಲೆಯ ಸೆಟ್‌ಸ್ಕ್ವೇರನ್ನು ಉದ್ದ ಕೋಲಿನಂಥ ಟಿ-ಸ್ಕ್ವೇರಿನ ಅಂಚಿಗೊತ್ತಿ ಜಾರಿಸಿಕೊಂಡು ಹೋದರೆ ಗೆರೆ ಎಲ್ಲಿಗೆ ಸರಿದರೂ ಅದರ ಓರೆ ಬದಲಾಗುವುದಿಲ್ಲ. ಈ ವಿದ್ಯೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ನಕ್ಷೆ ಸರಿಯಿದ್ದರೆ ನಮ್ಮ ಕೆಲಸ ಮುಗಿಯಿತು, ಜಾಗದಲ್ಲಿ ಏನು ಕಟ್ಟುತ್ತಾರೋ ಅದು ಬೇರೆಯವರ ತಲೆನೋವು ಎಂದು ಕಚೇರಿಯಲ್ಲಿ ನಾವೆಲ್ಲ ಹಾಯಾಗಿದ್ದೆವು.

ನಮ್ಮ ಮಗಳು ಹುಟ್ಟಿದಾಗ ಅವಳ ಎಡಪಾದ ಒಳಕ್ಕೆ ಮಡಚಿಕೊಂಡಿತ್ತು. ನೋಡಲು ಬಂದವರೆಲ್ಲ ಗ್ರಹಣದ ಮಾತೆತ್ತಿದರು. ಅವರಿಗೆಲ್ಲ ಬಾಯಿಗೆ ಬಂದಂತೆ ಬೈದು, ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ಘಟ್ಟ ಇಳಿಯುವ ಬಸ್ಸು ಹತ್ತಿದೆ. ಕೆಳಗಿನ ಆಸ್ಪತ್ರೆಯ ಡಾಕ್ಟರು ಪ್ಲಾಸ್ಟರ್ ಹಾಕಿ, ಬಿಚ್ಚಿ, ಮತ್ತೆ ಹಾಕಿ, ಕೆಲವು ತಿಂಗಳಲ್ಲಿ ಪಾದವನ್ನು ನೇರಕ್ಕೆ ತಂದರು. ಕೊನೆಗೆ ಒಂದು ಕಬ್ಬಿಣದ ಪಟ್ಟಿ ಕೊಟ್ಟರು. ಅದರ ಎರಡು ತುದಿಗೆ ಎರಡು ಪುಟ್ಟ ಬೂಟು, ಬೆರಳುಗಳು ಹೊರಕ್ಕೆ ತಿರುಗಿ ನಿಲ್ಲುವ ಹಾಗೆ ಜೋಡಿಸಿದ್ದು. ಮಲಗಿಸುವಾಗಲೆಲ್ಲ ತೊಡಿಸಬೇಕು.

"ಮಗು ಬೆಳೆದ ಹಾಗೆ ಪಟ್ಟಿನೂ ಉದ್ದ ಆಗ್ಬೇಕು, ಅವಳ ಭುಜದ ಅಗಲದಷ್ಟು. ನಿಮ್ಮೂರಲ್ಲೇ ಮಾಡಿಸ್ಬಹುದು," ಎಂದರು ಡಾಕ್ಟರು. "ಆದ್ರೆ ಬೂಟಿನ ಕೋನ ಬದಲಾಯ್ತೋ, ಪಾದ ಮತ್ತೆ ಒಳಗೆ ಹೋಗ್ತದೆ. ಆಮೇಲೆ ನಡೆಯೋದು ಕಷ್ಟ."

"ಅದು ನನ್ನ ಕಸುಬೇ ಸಾರ್," ಎಂದೆ. ಎಂಥ ಧೈರ್ಯ ನನ್ನದು!

ಟ್ರೇಸಿಂಗ್ ಕಾಗದದ ಮೇಲೆ ಆ ಪಟ್ಟಿಯನ್ನು ನಿಜ ಅಳತೆಯಲ್ಲೇ ಬರೆದುಕೊಂಡೆ. ಮಗಳ ಭುಜ ಅಗಲವಾದಂತೆಲ್ಲ ಪಟ್ಟಿಯನ್ನು ಎಳೆದು ಹೊಸ ನಕ್ಷೆ ಮಾಡುತ್ತಿದ್ದೆ, ಬೂಟಿನ ಓರೆಯನ್ನು ಕೂದಲಷ್ಟೂ ಬಿಟ್ಟುಕೊಡದೆ. ಪೇಟೆಯ ಕಮ್ಮಾರ ಅದನ್ನು ನೋಡಿ ಹೊಸ ಪಟ್ಟಿ ಬಡಿದು, ಬೂಟುಗಳನ್ನು ಅದಕ್ಕೆ ಕೂರಿಸಿ ಕೊಡುತ್ತಿದ್ದ. ನಾನು ಕಚೇರಿಯಲ್ಲಿರುವಾಗ ಹೆಂಡತಿಯೇ ಹೋಗಿ ತರುತ್ತಿದ್ದಳು. ಬೂಟಿನ ಬಿಚ್ಚಲಾಗದ ಲಾಡಿಯೊಂದಿಗೆ ಸೆಣಸುತ್ತ, ಗೋಡೆ ಹಿಡಿದು ನಿಲ್ಲುವ ಹಂತಕ್ಕೆ ಮಗಳು ಬಂದಳು.

ಆಗ ನೋಡಿದೆ. ನಿಂತಾಗ ಎಡಪಾದದ ಹೊರ ಅಂಚು ಮಾತ್ರ ನೆಲಕ್ಕೆ ತಾಗುತ್ತಿತ್ತು.

ಘಟ್ಟದ ಕೆಳಗಿನ ಡಾಕ್ಟರಿಗೇ ತೋರಿಸಬೇಕೆಂದು ಹೊರಟೆ. ಮಳೆ ಹಿಡಿದು ಘಟ್ಟದಲ್ಲಿ ಗುಡ್ಡ ಕುಸಿದಿತ್ತು, ಬಸ್ಸು ಇರಲಿಲ್ಲ. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಅವರಿವರ ಕಾಲು ಹಿಡಿದು, ಬರಿಗೈಯಲ್ಲಿ ವಾಪಸ್ಸು ಬಂದೆ. ಸಾಗರದ ಡಾಕ್ಟರು ಪಾದವನ್ನು ತಿರುವಿ ನೋಡಿ, "ಪ್ಲಾಸ್ಟರ್ ಹಾಕಿದವರಿಗೇ ತೋರಿಸ್ಬೇಕು ಕಣ್ರೀ," ಎಂದುಬಿಟ್ಟರು. ಬರುವಾಗ ಹೆಂಡತಿ ವರದಹಳ್ಳಿಯ ಆಶ್ರಮಕ್ಕೆ ಹೋಗೋಣ ಅಂದಳು. ನಾನು ದೇವರು ದಿಂಡರೆಂದು ಓಡಾಡಿದವನಲ್ಲ, ಆದರೂ ಹೋದೆ. ಅಲ್ಲಿ ಕೈಮುಗಿದು ನಿಂತಾಗಲೂ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ನನ್ನ ನಕ್ಷೆಯಲ್ಲಿ ಎಲ್ಲಿ ತಪ್ಪಿದೆ? ಮನೆಗೆ ಬಂದು ಎಲ್ಲ ಹಾಳೆಗಳನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ಓರೆಗಳು ಒಂದರ ಮೇಲೊಂದು ಸರಿಯಾಗಿ ಕೂತುಬಿಟ್ಟವು. ತಪ್ಪು ಸಿಕ್ಕಿದ್ದರೆ ತಿದ್ದಬಹುದಿತ್ತು. ಸಿಗಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡೆ. ಇನ್ನು ಈ ಮಗು ಜೀವಮಾನವಿಡೀ ಕುಂಟಬೇಕು ಎಂದು ಮನಸ್ಸು ಗಟ್ಟಿಮಾಡಿಕೊಳ್ಳಲು ಹೋದರೆ ಅದೂ ಆಗಲಿಲ್ಲ.

ಕಬ್ಬಿಣವನ್ನೇ ನಕ್ಷೆಯ ಮೇಲಿಟ್ಟು ನೋಡುವ ಬುದ್ಧಿ ಬಂದದ್ದು ಆಮೇಲೆ. ಪಟ್ಟಿಯ ಉದ್ದ ಕರಾರುವಾಕ್ಕಾಗಿತ್ತು. ಬಲಬೂಟೂ ಸರಿ. ಎಡಬೂಟು ನನ್ನ ಗೆರೆಯನ್ನು ಬಿಟ್ಟು ಎಷ್ಟೋ ಒಳಕ್ಕೆ ತಿರುಗಿತ್ತು.

ಪಟ್ಟಿಯನ್ನು ಎತ್ತಿಕೊಂಡು ಮಳೆಯಲ್ಲೇ ಕಮ್ಮಾರನಲ್ಲಿಗೆ ಓಡಿದೆ. ಕೂಗಾಡಿದೆ. ಅವನು ತಿದಿ ಬಿಟ್ಟು ಎದ್ದು ನಿಂತ.

"ಕೂಸು ತುಂಬ ಅಳ್ತದೆ, ಒಂಚೂರು ಒಳಗ್ ಮಾಡ್ಕೊಡಿ ಅಂತ ಅಮ್ಮೋರೇ ಹೇಳಿದ್ರು ಸಾರ್. ನನ್ಗೂ ಕರುಳು ಚುರುಕ್ ಅಂತು. ಮಾಡ್ಕೊಟ್ಟೆ."

"ಒಂದೇ ಸಲಾನಾ?"

"ಪಟ್ಟಿ ಬದಲಾಯ್ಸಿದಾಗೆಲ್ಲ. ಉದ್ದ ನಿಮ್ ನಕ್ಷೆ ಪ್ರಕಾರ, ಬೂಟು ಅಮ್ಮೋರು ಹೇಳಿದ ಪ್ರಕಾರ."

ಸಲಸಲಕ್ಕೂ ಒಂಚೂರು. ಅಷ್ಟೂ ಸೇರಿ ಡಾಕ್ಟರು ತಿಂಗಳುಗಟ್ಟಲೆ ಮಾಡಿದ್ದನ್ನು ತಿಂದುಹಾಕಿತ್ತು.

ಮನೆಗೆ ಬಂದು ಹೆಂಡತಿಗೆ ಆಡಬಾರದ ಮಾತೆಲ್ಲ ಆಡಿದೆ. ಮಗಳ ಕಾಲು ಮುರಿದವಳು ನೀನೇ ಅಂದೆ. ಅವಳು ಒಲೆಯ ಮುಂದೆ ಕೂತವಳು ಏಳಲಿಲ್ಲ.

"ನಿಮ್ ಕಾಗದ ಅಳಲ್ಲ ಕಣ್ರೀ. ಅವ್ಳು ಅಳ್ತಾಳೆ," ಎಂದಳು. "ನೀವು ಊಟದ ಡಬ್ಬಿ ಹಿಡ್ಕೊಂಡು ಹೋಗ್ತೀರಿ. ಅವ್ಳು ಬೂಟು ನೋಡಿದ್ರೆ ಸಾಕು, ನನ್ನ ಸೆರಗು ಹಿಡ್ಕೊಂಡು ನಡುಗ್ತಾಳೆ. ನಾನೇನ್ ಕಲ್ಲಾ?"

ಆದರೂ ಸಿಟ್ಟು ಇಳಿಯಲಿಲ್ಲ.

ಪಟ್ಟಿಯನ್ನು ಮತ್ತೆ ಪೇಟೆಗೆ ಒಯ್ದೆ. ಕಮ್ಮಾರ ಬೂಟನ್ನು ಬಿಚ್ಚಿ, ನಾನು ಎದುರಿಗೆ ನಿಂತು ನಕ್ಷೆ ಹಿಡಿದಿರುವಾಗಲೇ, ಗೆರೆಗೆ ಸರಿಯಾಗಿ ಕೂರಿಸಿಕೊಟ್ಟ. ಕಚೇರಿಗೆ ರಜೆ ಹಾಕಿದೆ. ಮಧ್ಯಾಹ್ನ ಮಗಳನ್ನು ಮಲಗಿಸುವ ಹೊತ್ತಿಗೆ ಬೂಟು ನಾನೇ ತೊಡಿಸುತ್ತೇನೆ ಎಂದು ಕೂತೆ. ಪಾದ ಬೂಟಿನೊಳಗೆ ಹೋಗುತ್ತಲೇ ಅವಳು ಕಿರುಚಿಕೊಂಡಳು. ಉಸಿರು ಕಟ್ಟಿ ಮುಖ ಕಪ್ಪಿಟ್ಟಿತು. ಲಾಡಿ ಎಳೆಯುತ್ತಿದ್ದ ನನ್ನ ಕೈ ತಾನಾಗಿ ಸಡಿಲವಾಯಿತು. ಹಿಮ್ಮಡಿ ಮೇಲೆದ್ದು ಪಾದ ಅರ್ಧ ಹೊರಗೆ ಬಂತು. ಇವತ್ತೊಂದು ದಿನ ಬಿಟ್ಟರೇನು ಅನ್ನಿಸಿತು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಂದು ನನ್ನ ಪಕ್ಕ ಕೂತಳು.

"ಬಿಡಿ. ನಿಮ್ಮಿಂದ ಆಗಲ್ಲ."

ಹಿಮ್ಮಡಿಯನ್ನು ಕೆಳಕ್ಕೊತ್ತಿ, ತುಟಿ ಕಚ್ಚಿಕೊಂಡು, ಲಾಡಿಯನ್ನು ಕೊನೆಯವರೆಗೂ ಬಿಗಿದು ಗಂಟು ಹಾಕಿದಳು. ಮಗಳು ಅವಳ ಕೈಯನ್ನು ದೂಡಿ ನನ್ನ ಕಡೆ ತೋಳು ಚಾಚಿದಳು. ಅವತ್ತಿನಿಂದ ಪ್ರತಿ ಸಲ ಬೂಟು ಕಟ್ಟಿದವಳು ಅವಳೇ. ಎತ್ತಿಕೊಂಡು ಸಮಾಧಾನ ಮಾಡುವ ಕೆಲಸ ನನ್ನದಾಯಿತು. ಸೆರಗು ಬಿಡದೆ ಅಂಟಿಕೊಂಡಿರುತ್ತಿದ್ದ ಮಗು ಅಮ್ಮ ಹತ್ತಿರ ಬಂದರೆ ನನ್ನ ಬೆನ್ನ ಹಿಂದೆ ಅಡಗತೊಡಗಿತು.

ಘಟ್ಟದ ದಾರಿ ತೆರೆದ ಮೇಲೆ ಡಾಕ್ಟರು ಮತ್ತೆ ಪ್ಲಾಸ್ಟರ್ ಹಾಕಿದರು, ಮತ್ತೆ ಪಟ್ಟಿ ಕೊಟ್ಟರು. ಓರಗೆಯ ಮಕ್ಕಳೆಲ್ಲ ಅಂಗಳದಲ್ಲಿ ಓಡುತ್ತಿದ್ದ ಕಾಲಕ್ಕೆ ನಮ್ಮವಳು ಗೋಡೆ ಬಿಟ್ಟು ಮೊದಲ ಹೆಜ್ಜೆ ಇಟ್ಟಳು. ಅಮ್ಮ ಎರಡೂ ಕೈ ಚಾಚಿ ಎದುರಿಗೇ ಕೂತಿದ್ದಳು. ಮಗಳು ಅವಳ ಕೈಗೆ ಸಿಗದೆ ಪಕ್ಕದಿಂದ ಸುತ್ತಿಕೊಂಡು ನನ್ನ ಹತ್ತಿರ ಬಂದಳು.

ಹೆಂಡತಿ ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಕಣ್ಣು ಮಗಳ ಎಡಪಾದವನ್ನು ಬಿಟ್ಟು ಕದಲಿರಲಿಲ್ಲ.

"ನೇರ ಬಿತ್ತು ಕಣ್ರೀ," ಎಂದಳು.